ಒಂದು ಗಿಟಾರಿಗೆ ಎರಡು ಮೈಕ್ ಸೆಟ್

ನಂಬಬೇಡಿ. ನಾನೇ ಹೇಳುತ್ತಿದ್ದೇನೆ, ನಂಬಬೇಡಿ. ದೊಡ್ಡಬಳ್ಳಾಪುರದಲ್ಲಿ ನನ್ನ ಓರಗೆಯವರು ಇನ್ನೂ ನಾಲ್ಕು ಜನ ಉಳಿದಿದ್ದಾರೆ. ಅವರನ್ನು ಕೇಳಿದರೆ, "ಯಾರು, ಪುಟ್ಸಾಮಿ ಹೇಳಿದ್ನಾ? ಹಂಗಾದ್ರೆ ಅರ್ಧಕ್ಕೆ ಅರ್ಧ ಕಿತ್ತಾಕಿ" ಅನ್ನುತ್ತಾರೆ. ಕಿತ್ತುಹಾಕಿ, ನೋಡೋಣ. ಒಂದು ಗಿಟಾರಿನ ದನಿಯನ್ನು ಎರಡು ಮಾಡಿ, ಬೀದಿಯ ಎರಡು ತುದಿಗೆ ಕಳಿಸಿ, ಎರಡೂ ಕಡೆ ಒಂದು ಎಳೆಯೂ ಮಂಕಾಗದ ಹಾಗೆ ಕೇಳಿಸಿದವನು ಈ ಸುತ್ತಿನಲ್ಲಿ ನಾನೊಬ್ಬನೇ. ಅದೂ ಐವತ್ತು ವರ್ಷದ ಹಿಂದೆ. ಅದೂ ಒಂದು ಪೌಡರ್ ಡಬ್ಬಿಯಲ್ಲಿ.

ಮೊನ್ನೆ ವಿಜಯಪುರಕ್ಕೆ, ದೇವನಹಳ್ಳಿ ಆಚೆಯದಕ್ಕೆ, ಹೋಗಿದ್ದೆ. ಬಸ್ಸಿಳಿದ ಕೂಡಲೇ ರೇಷ್ಮೆ ಗೂಡು ಬೇಯಿಸುವ ವಾಸನೆ ಬಂತು. ಹೊಸಬರು ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ನಾಲಗೆ ಒಣಗುತ್ತದೆ. ಆ ಬೇಸಿಗೆಯಲ್ಲಿ, ಆ ಊರಿನ ಮದುವೆ ಚಪ್ಪರದಲ್ಲಿ, ಕೈಯಲ್ಲಿ ವೈರ್ ಹಿಡಿದು ನಿಂತಾಗ ಒಣಗಿದ್ದ ಹಾಗೆಯೇ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತಾರು. ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ, ಜೊತೆಗೆ ಮದುವೆ ಮುಂಜಿಗೆ ಮೈಕ್ ಸೆಟ್ ಹಾಕುವುದು. ಅಂಗಡಿಯ ಎರಡೂ ಪಕ್ಕ ಮಗ್ಗಗಳು. ಆ ಖಟಖಟದಲ್ಲಿ ರೇಡಿಯೋ ಸರಿಹೋಯಿತೋ ಇಲ್ಲವೋ ತಿಳಿಯಬೇಕಾದರೆ ಕಿವಿಯನ್ನು ಪೆಟ್ಟಿಗೆಗೆ ಒತ್ತಿಕೊಳ್ಳಬೇಕು. ಹಾಗೆ ಒತ್ತಿ ಒತ್ತಿಯೇ ನನ್ನ ಕಿವಿ ಅಷ್ಟು ಚುರುಕಾಗಿದ್ದು. ಅಂಗಡಿಯಲ್ಲಿ ಬಂದವರಿಗೆಂದು ಒಂದು ಕಬ್ಬಿಣದ ಕುರ್ಚಿ ಇಟ್ಟಿದ್ದೆ. ಅದರ ಕೈಗೆ ಕರೆಗಂಟೆಯ ಸುರುಳಿಯೊಂದನ್ನು ಗುಟ್ಟಾಗಿ ಸೇರಿಸಿದ್ದೆ. ಕೆಲಸವಿಲ್ಲದೆ ಹರಟೆಗೆ ಬಂದವನು ಆರಾಮವಾಗಿ ಕೂತು ಕೈ ಊರಿದನೋ, ಚುರುಕ್! ಊರಿನ ಅರ್ಧ ಗಂಡಸರು ಆ ಕುರ್ಚಿಯಿಂದ ಹಾರಿದವರೇ. ಇದರ ಫಲ ಏನಾಯಿತೆಂದರೆ, "ಕರೆಂಟ್ ಐತೆ, ಮುಟ್ಬೇಡಿ" ಎಂದು ನಾನು ಹೇಳಿದರೆ, ನಗುತ್ತಾ ಮುಟ್ಟಿ ನೋಡುವವರೇ ಹೆಚ್ಚಾದರು.

ಎಲ್ಲರಿಗಿಂತ ಹೆಚ್ಚು ಸಲ ಹಾರಿದವನು ವೆಂಕಟೇಶ. ನನ್ನ ಜೊತೆ ಸ್ಲೇಟು ಹಿಡಿದವನು, ಆಮೇಲೆ ಮಗ್ಗಕ್ಕೆ ಕೂತವನು. ಬೆಂಗಳೂರಿನ ದಂಡಿನ ಕಡೆ ವಾದ್ಯದವನೊಬ್ಬ ಊರು ಬಿಡುವಾಗ ಮಾರಿದ ಹಳೇ ಎಲೆಕ್ಟ್ರಿಕ್ ಗಿಟಾರನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ಹರಿದ ನೂಲನ್ನು ಕಣ್ಣುಮುಚ್ಚಿ ಗಂಟು ಹಾಕುವ ಬೆರಳು ಅವನದು. ಒಂದೇ ವರ್ಷದಲ್ಲಿ ಸಿನಿಮಾ ಹಾಡುಗಳನ್ನೆಲ್ಲ ಅದರಲ್ಲಿ ಮಾತಾಡಿಸುತ್ತಿದ್ದ. ಮೇಲಿನ ತಂತಿ ಮೀಟಿದರೆ ಹಿತ್ತಾಳೆ ತಟ್ಟೆಗೆ ಸಣ್ಣ ಮೊಳೆ ಬಿದ್ದಂಥ ದನಿ. ಅದು ಅವನ ಜೀವ.

ಅವನಿಗೆ ವಿಜಯಪುರದಲ್ಲಿ ಹೆಣ್ಣು ಗೊತ್ತಾಯಿತು. ಹುಡುಗಿ ಸರೋಜ. ಅವಳಪ್ಪ ರಾಮಯ್ಯನವರಿಗೆ ರೇಷ್ಮೆ ದಾರವನ್ನು ಹುರಿ ಮಾಡುವ ಮಿಷನ್‌ಗಳ ಶೆಡ್ ಇತ್ತು. ಮಗಳೂ ಅಲ್ಲೇ ಕೆಲಸ ನೋಡಿಕೊಳ್ಳುತ್ತಿದ್ದಳು. ರಾಮಯ್ಯನವರು ಹೆಗಲಿಗೆ ಚರ್ಮದ ಚೀಲದ ಟ್ರಾನ್ಸಿಸ್ಟರ್ ರೇಡಿಯೋ ನೇತುಹಾಕಿಕೊಳ್ಳದೆ ಮನೆ ಹೊಸಿಲು ದಾಟಿದವರಲ್ಲ.

ನಿಶ್ಚಿತಾರ್ಥದ ದಿನ ವೆಂಕಟೇಶ ನನ್ನ ಸೆಟ್ಟಿನಲ್ಲಿ ಗಿಟಾರು ನುಡಿಸಿದ. ನಾನು ಹಾರ್ನನ್ನು ನಮ್ಮವರು ಕೂತ ಕಡೆ ತಿರುಗಿಸಿಟ್ಟಿದ್ದೆ. ಬೇಕೆಂದೇ. ಹಾಡು ಮುಗಿಯುತ್ತಲೇ ರಾಮಯ್ಯನವರು ಎದ್ದರು.

"ಏನಪ್ಪಾ ಮೈಕ್ ಸೆಟ್ಟು, ನಿಮ್ಮೋರ್ಗೆ ಹಾಡು, ನಮ್ಮೋರ್ಗೆ ಹಾರ್ನಿನ ಬೆನ್ನಾ?"

"ಗಾಳಿ ಹಂಗ್ ಬೀಸ್ತಿತ್ತು ಮಾವ," ಎಂದೆ.

"ನಂಗೇ ಗಾಳಿ ಹೇಳ್ಕೊಡ್ತೀಯಾ? ಕೇಳು. ಮದುವೇಲಿ ನಮ್ಮ ತುದೀಗೆ ನಮ್ಮ ಸೆಟ್ಟು, ನಮ್ಮೂರ ಮೈಕ್‌ನೋನು ಬಾಷಾ ಹಾಕ್ತಾನೆ. ಬಿಡದಿ ಮನೆ ತುದೀಗೆ ನಿಂದು. ಎರಡ್ರಲ್ಲೂ ಒಂದೇ ಸಮ ಕೇಳ್ಬೇಕು. ಒಂದು ಎಳೆ ಕಮ್ಮಿ ಆಯ್ತೋ, ನನ್ನ ಮಗಳನ್ನ ಎಬ್ಬಿಸ್ಕೊಂಡು ಒಳಕ್ಕೋಗಿ ಬಾಗಿಲು ಹಾಕ್ಕೊಂತೀನಿ."

ಎಲ್ಲರೂ ನಕ್ಕರು. ರಾಮಯ್ಯನವರು ನಗಲಿಲ್ಲ. ವೆಂಕಟೇಶನ ಮುಖ ನೋಡಿದೆ, ಅವನೂ ನಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ದೇವನಹಳ್ಳಿ ದಾಟುತ್ತಿದ್ದಂತೆ ಅವನು ನನ್ನ ಕಡೆ ತಿರುಗಿದ. "ಲೇ, ಆ ಮನುಷ್ಯ ಹೇಳಿದ್ದು ಮಾಡೋನು ಕಣೋ," ಎಂದ.

"ಎರಡಲ್ಲ ಗುರು, ಹತ್ತಕ್ಕೆ ಹಂಚ್ತೀನಿ, ನೋಡ್ತಿರು," ಎಂದೆ.

ಹಂಚುವುದು ಎಂದರೆ ಏನು ಮಹಾ ಎಂದುಕೊಂಡಿದ್ದೆ. ಗಿಟಾರಿನಿಂದ ಬಂದ ವೈರಿಗೆ ಎರಡು ವೈರ್ ಸುತ್ತಿ, ಅಂಗಡಿಯಲ್ಲೇ ಎರಡು ಸೆಟ್ಟಿಗೆ ಕೊಟ್ಟೆ. ದನಿ ಎರಡೂ ಕಡೆ ಬಂತು, ಕಂಬಳಿ ಹೊದ್ದುಕೊಂಡು ಬಂತು. ಹಿತ್ತಾಳೆ ತಟ್ಟೆ ಹೋಗಿ ಮರದ ಮಣೆಯಾಯಿತು. ಬೀದಿಯುದ್ದದ ವೈರ್ ಹಾಕಿದರೆ ಇನ್ನೂ ಮಂಕು. ವೆಂಕಟೇಶ ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯಿಲೆ ಮಗುವನ್ನು ನೋಡುವವನ ಹಾಗೆ ನೋಡುತ್ತಿದ್ದ.

ಕಾರಣ ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ಗೂಡಿನಿಂದ ಬಿಚ್ಚುವ ಒಂಟಿ ಎಳೆಯನ್ನು ನೋಡಿದ್ದೀರಾ? ಉಸಿರು ಬಿಟ್ಟರೆ ಹರಿಯುತ್ತದೆ. ಗಿಟಾರಿನೊಳಗೆ ಹುಟ್ಟುವ ಕರೆಂಟು ಅಷ್ಟು ತೆಳು. ಎರಡು ಸೆಟ್ಟು ಎರಡು ಕಡೆಯಿಂದ ಎಳೆದರೆ, ಉದ್ದದ ವೈರೂ ತನ್ನ ಪಾಲು ಹೀರಿದರೆ, ಮೊದಲು ಸಾಯುವುದು ಅದರ ಚೂಪು ದನಿ. ಆದ್ದರಿಂದ ಗಿಟಾರಿನ ಪಕ್ಕದಲ್ಲೇ ಒಬ್ಬ ಆಳನ್ನು ಕೂರಿಸಬೇಕು. ಅವನು ಗಿಟಾರಿನಿಂದ ಏನನ್ನೂ ಎಳೆಯದೆ ಅದು ಹೇಳಿದ್ದನ್ನು ಕೇಳಿಸಿಕೊಂಡು, ತನ್ನ ಸ್ವಂತ ಬಲದಿಂದ ಇಬ್ಬರಿಗೂ ಹೇಳಬೇಕು. ಆ ಆಳು ಒಂದು ಟ್ರಾನ್ಸಿಸ್ಟರ್. ಸತ್ತ ಪಾಕೆಟ್ ರೇಡಿಯೋದಿಂದ ಕಿತ್ತೆ, ಟಾರ್ಚಿನ ಸೆಲ್ಲುಗಳನ್ನು ಜೋಡಿಸಿದೆ, ಪೌಡರ್ ಡಬ್ಬಿಯಲ್ಲಿ ಬೆಸುಗೆ ಹಾಕಿ ಕೂರಿಸಿದೆ.

ವೆಂಕಟೇಶನನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿ, "ಈಗ ಡಬ್ಬಿ ಹಾಕ್ದೆ. ಹೆಂಗೈತೆ?" ಎಂದೆ.

"ಸ್ವಲ್ಪ ಮಂಕು."

ಹಾಕಿರಲೇ ಇಲ್ಲ. ಹೊಟ್ಟೆಯೊಳಗೇ ನಕ್ಕು, ಆಮೇಲೆ ಸದ್ದಿಲ್ಲದೆ ನಿಜವಾಗಿ ಹಾಕಿದೆ. ಅವನು ಎರಡು ಸಲ ಮೀಟಿ, ಮೆಲ್ಲಗೆ, "ಡಬ್ಬಿ ತೆಗೆದ್ಯಾ? ಈಗ ನೋಡು, ಇದು ಅಸಲು," ಎಂದ. ಎರಡೂ ಹಾರ್ನು ಹಿತ್ತಾಳೆ ತಟ್ಟೆಯ ಹಾಗೆ ಝಲ್ಲೆನ್ನುತ್ತಿದ್ದವು. ಆ ದಿನ ನನ್ನಷ್ಟು ಎತ್ತರದ ಮನುಷ್ಯ ತಾಲ್ಲೂಕಿನಲ್ಲಿ ಇರಲಿಲ್ಲ.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಳ್ಳೆಯ ಸೆಟ್ಟಿನಲ್ಲಿ ದಪ್ಪನೆಯ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ಗೋಡೆಯ ಕರೆಂಟನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ನಾನೇ ಕಟ್ಟಿದ ಸೆಟ್ಟಿನಲ್ಲಿ ಅದು ಇರಲಿಲ್ಲ. ಕಂಕುಳಲ್ಲಿ ಹೊರುವಷ್ಟು ಹಗುರವಾಗಲಿ ಎಂದು ಬಿಟ್ಟಿದ್ದೆ. ಇಂಥ ಸೆಟ್ಟಿನ ತಗಡಿನ ಚೌಕಟ್ಟು ನೇರವಾಗಿ ಪ್ಲಗ್ಗಿನ ಒಂದು ಕಡ್ಡಿಗೆ ಸೇರಿರುತ್ತದೆ. ಪ್ಲಗ್ಗಿಗೆ ಎರಡೇ ಕಡ್ಡಿ. ಒಂದು ಬದಿ ಹಾಕಿದರೆ ತಗಡು ತಣ್ಣಗಿರುತ್ತದೆ. ತಿರುಗಿಸಿ ಹಾಕಿದರೆ ತಗಡಿಗೆ, ತಗಡಿನಿಂದ ವೈರಿನ ಹೊರಗಿನ ತಾಮ್ರದೆಳೆಯ ಹೆಣಿಗೆಗೆ, ಹೆಣಿಗೆಯಿಂದ ಗಿಟಾರಿನ ತಂತಿಗೆ ಕರೆಂಟು. ತಪ್ಪಬಾರದೆಂದು ಪ್ಲಗ್ಗಿನ ಒಂದು ಬದಿಗೆ ಕೆಂಪು ಬಣ್ಣ ಹಚ್ಚಿದ್ದೆ. ಕರೆಂಟಿನ ತೂತು ಬಲಕ್ಕಿರುವ ಪಾಯಿಂಟಿನಲ್ಲಿ ಕೆಂಪು ಮೇಲಿದ್ದರೆ ಕ್ಷೇಮ.

ವೈಶಾಖ ಬಂತು. ವಿಜಯಪುರದ ಆ ಬೀದಿಯ ಒಂದು ತುದಿಯಲ್ಲಿ ಹೆಣ್ಣಿನ ಮನೆ, ಇನ್ನೊಂದು ತುದಿಯಲ್ಲಿ ಗಂಡಿನ ಕಡೆಯವರಿಗೆ ಬಿಟ್ಟುಕೊಟ್ಟ ಬಿಡದಿ ಮನೆ, ನಡುವೆ ಬೀದಿಗಡ್ಡ ಚಪ್ಪರ. ಬಿಡದಿ ಮನೆ ನಂಜುಂಡಯ್ಯ ಮೇಷ್ಟರದು. ರಿಟೈರಾದವರು, ಒಂಟಿ. ಬೀಗರಿಗೆ ತೊಂದರೆಯಾಗಬಾರದೆಂದು ತಾವು ಹಜಾರದ ಮೂಲೆಯಲ್ಲಿ ಚಾಪೆ ಹಾಸಿಕೊಂಡಿದ್ದರು. ಮನೆಯ ವೈರಿಂಗನ್ನು ಪುಸ್ತಕ ನೋಡಿಕೊಂಡು ತಾವೇ ಎಳೆದಿದ್ದರು. ನಾನು ಸೆಟ್ ಇಡಲು ಹೋದಾಗ ಬೆತ್ತದಿಂದ ತೋರಿಸಿದರು: "ನೋಡಪ್ಪಾ, ಬಲಕ್ಕೆ ಫೇಸು, ಅಂದ್ರೆ ಕರೆಂಟ್ ಬರೋ ತೂತು, ಎಡಕ್ಕೆ ನ್ಯೂಟ್ರಲ್. ಕಂಬದಿಂದ ಇಲ್ಲೀವರ್ಗೂ ಎಲ್ಲೂ ತಪ್ಪಿಲ್ಲ." ಬಲು ಚೆನ್ನಾಗಿದೆ ಮೇಷ್ಟ್ರೇ ಎಂದು, ಕೆಂಪು ಮೇಲೆ ಇಟ್ಟು ಪ್ಲಗ್ ಹಾಕಿ, ಚಪ್ಪರಕ್ಕೆ ವೈರ್ ಎಳೆದುಕೊಂಡು ಬಂದೆ.

ಸಂಜೆ ನಾಲ್ಕೂವರೆ. ಆರತಕ್ಷತೆಗೆ ಹಲಗೆಯ ವೇದಿಕೆ. ಮದುಮಗ ಮದುಮಗಳು ಎರಡು ಮರದ ಕುರ್ಚಿಯಲ್ಲಿ. ವೆಂಕಟೇಶನ ತೊಡೆಯ ಮೇಲೆ ಗಿಟಾರು, ಕಾಲ ಬುಡದಲ್ಲಿ ನನ್ನ ಪೌಡರ್ ಡಬ್ಬಿ. ನನ್ನ ಸೆಟ್ಟಿನ ವೈರನ್ನು ಡಬ್ಬಿಗೆ ಸೇರಿಸಿದೆ. ಅವನು ತಂತಿಗೆ ಬೆರಳು ಇಟ್ಟವನು ಚಕ್ಕನೆ ಕೈ ಎಳೆದುಕೊಂಡ.

"ಲೇ! ಚುರುಗುಟ್ತು ಕಣೋ! ಮದುವೆ ದಿನಾನೂ ಬಿಡಲ್ವಲ್ಲೋ ನಿನ್ ಆಟ!"

ಚಪ್ಪರವೆಲ್ಲ ಘೊಳ್ಳೆಂದಿತು. ನಮ್ಮೂರವರು ಬೀಗರಿಗೆ ಕುರ್ಚಿಯ ಕಥೆ ಹೇಳತೊಡಗಿದರು. ಅಷ್ಟರಲ್ಲಿ ಗುಡುಗು. ಒಂದೇ ಸಮ ಹತ್ತು ನಿಮಿಷ ದಪ್ಪ ಹನಿ ಬಿತ್ತು. ಗರಿಯ ಚಪ್ಪರ ಜರಡಿಯ ಹಾಗೆ ಸೋರಿತು. ವೆಂಕಟೇಶ ಗಿಟಾರನ್ನು ಪಂಚೆಯಲ್ಲಿ ಮುಚ್ಚಿಕೊಂಡು ಕೂತಿದ್ದ. ಮಳೆ ನಿಂತಾಗ ಹಲಗೆ ನೆಂದಿತ್ತು, ಜಮಖಾನ ನೆಂದಿತ್ತು, ಅವನ ಬರಿಗಾಲೂ ನೆಂದಿತ್ತು. ಒಣ ಹಲಗೆಯ ಮೇಲೆ ಚುರುಕ್ ಎಂದದ್ದು ಒದ್ದೆ ಹಲಗೆಯ ಮೇಲೆ ಏನೆನ್ನುತ್ತದೆ ಎಂದು ನನಗೆ ಹೊಳೆಯಿತು. ಅವನು ಪಂಚೆ ಸರಿಸುತ್ತಿದ್ದ.

ಆ ಕಡೆಯಿಂದ ಬಾಷಾ ತನ್ನ ಸೆಟ್ಟಿನ ವೈರ್ ಎಳೆದುಕೊಂಡು ಬಂದ. ಅದನ್ನು ಡಬ್ಬಿಗೆ ಸೇರಿಸಲು ಬಗ್ಗಿದಾಗ ತುದಿಯ ಹೆಣಿಗೆ ಡಬ್ಬಿಯ ತಗಡಿಗೆ ತಾಗಿ, ಛಟ್ ಎಂದು ನೀಲಿ ಕಿಡಿ ಹಾರಿತು.

"ನಿಲ್ಸು!" ಎಂದು ಕೂಗಿ ಅವನ ಕೈಯಿಂದ ವೈರ್ ಕಿತ್ತುಕೊಂಡೆ. "ವೆಂಕಟೇಶ, ತಂತಿ ಮುಟ್ಬೇಡ! ಯಾರೂ ಮುಟ್ಬೇಡಿ, ಕರೆಂಟ್ ಐತೆ!"

ಮತ್ತೆ ಘೊಳ್ಳೆಂದರು.

"ಅರೆ ಭಾಯ್, ನನ್ ಸೆಟ್ಟು ಇಪ್ಪತ್ತು ಮದುವೆ ಮಾಡ್ಸೈತೆ, ಏನಾಗಲ್ಲ, ಕೊಡಿ," ಎಂದ ಬಾಷಾ.

"ನಿಂದ್ರಲ್ಲಿ ಟ್ರಾನ್ಸ್‌ಫಾರ್ಮರ್ ಐತಾ?"

"ಏನಕ್ಕೆ? ತೂಕ ಜಾಸ್ತಿ."

ನನ್ನ ಹಾಗೇ ಇನ್ನೊಬ್ಬ. ನನ್ನ ನಾಲಗೆ ಅಂಗುಳಕ್ಕೆ ಅಂಟಿತು. ರಾಮಯ್ಯನವರು ವೇದಿಕೆ ಹತ್ತಿದರು. ಅವರ ಹಿಂದೆ ಅವರ ಕಡೆಯ ನಾಲ್ಕು ಜನ.

"ನಂಗೊತ್ತಿತ್ತು. ನಮ್ಮ ಸೆಟ್ಟಿಗೆ ಕೊಡೋ ಹೊತ್ತಿಗೆ ಇವ್ನಿಗೆ ಕರೆಂಟ್ ಬಂತು. ಕೊಡ್ತೀಯೋ ಇಲ್ವೋ, ಒಂದೇ ಮಾತು."

"ಮಾವ, ನಿಮ್ಮ ಕಾಲಿಗ್ ಬೀಳ್ತೀನಿ, ಇದು ಆಟ ಅಲ್ಲ."

"ನಿಶ್ಚಿತಾರ್ಥದಲ್ಲಿ ಗಾಳಿ, ಇವತ್ತು ಕರೆಂಟು. ಸರೋಜಾ, ಏಳಮ್ಮ. ಒಳಕ್ಕೆ ನಡಿ."

ವೆಂಕಟೇಶನ ಮುಖ ಕೆಂಪೇರಿತು. "ನೀವು ಕೂತ್ಕೊಳಿ ಮಾವ, ನಾನ್ ನುಡಿಸ್ತೀನಿ. ಲೇ ಪುಟ್ಸಾಮಿ, ಸಾಕು ಮಾಡು. ವೈರ್ ಕೊಡು." ಅವನ ಕೈ ತಂತಿಯ ಕಡೆ ಬಂತು. ಅವನ ಬೆರಳಿಗೂ ತಂತಿಗೂ ನಡುವೆ ಒಂದು ಗೇಣು.

ಮಾತು ಕೆಲಸಕ್ಕೆ ಬರುವುದಿಲ್ಲ ಎಂದು ತಿಳಿದು, ಎಡಗೈಯಿಂದ ಗಿಟಾರಿನ ವೈರನ್ನು ಡಬ್ಬಿಯಿಂದ ಕಿತ್ತೆಸೆದೆ. ಜೇಬಿನಲ್ಲಿ ಯಾವಾಗಲೂ ಇರುವ ಟೆಸ್ಟ್ ಬಲ್ಬು ತೆಗೆದೆ: ಒಂದು ಹೋಲ್ಡರ್, ಅದಕ್ಕೆ ಎರಡು ತುಂಡು ವೈರ್. ಒಂದನ್ನು ನನ್ನ ಸೆಟ್ಟಿನ ಹೆಣಿಗೆಗೆ, ಇನ್ನೊಂದನ್ನು ಬಾಷಾನ ಸೆಟ್ಟಿನ ಹೆಣಿಗೆಗೆ ಹಿಡಿದೆ. ಬಲ್ಬು ಎಂದೂ ಉರಿಯದ ಹಾಗೆ ಬಿಳಿಯಾಗಿ ಉರಿದು, ಪಟ್ ಎಂದು ಸಿಡಿದು ಚೂರಾಯಿತು.

ಚಪ್ಪರದ ತುಂಬ ಚಪ್ಪಾಳೆ! "ಭಲೇ, ಜಾದೂನೂ ತಂದವ್ನೆ!" ಎಂದು ಯಾರೋ ಕೂಗಿದರು. ಬದುಕಿನಲ್ಲಿ ಅಷ್ಟು ಚಪ್ಪಾಳೆ ನನಗೆ ಬಿದ್ದಿಲ್ಲ. ಅಷ್ಟು ಅಳು ಬಂದದ್ದೂ ಇಲ್ಲ.

ಚಪ್ಪಾಳೆಯ ನಡುವೆ ಮದುಮಗಳು ಎದ್ದು ನಿಂತಳು. ತಲೆ ತಗ್ಗಿಸಿ ಕೂರಬೇಕಾದವಳು ಹಾರ ಸರಿಸಿ, ವೆಂಕಟೇಶನ ತೋಳನ್ನು ಸೀರೆ ಸೆರಗಿನಲ್ಲಿ ಹಿಡಿದು, ಗಿಟಾರಿನಿಂದ ಆಚೆ ಎಳೆದಳು.

"ಅಪ್ಪಾ, ಅದು ಜಾದೂ ಅಲ್ಲ. ಶೆಡ್ಡಲ್ಲಿ ಎರಡು ಫೇಸ್ ನೋಡಕ್ಕೆ ನಾವು ಎರಡು ಬಲ್ಬು ಸೇರ್ಸಿ ಹಿಡಿಯಲ್ವಾ? ಒಂದೇ ಹಿಡಿದ್ರೆ ಹಿಂಗೇ ಸಿಡಿಯೋದು. ಆ ಮನೇದೊಂದು ಫೇಸು, ನಮ್ಮನೇದೊಂದು ಫೇಸು. ಎರಡೂ ಇವರ ಕೈಗೆ ಬರ್ತಿತ್ತು."

ಮಗ್ಗದವರು, ಹುರಿ ಮಿಷನ್ನಿನವರು ತುಂಬಿದ್ದ ಚಪ್ಪರ ಅದು. ಎರಡು ಫೇಸ್ ಸೇರಿದರೆ ನಾನೂರು ವೋಲ್ಟು, ಮುಟ್ಟಿದವನು ಉಳಿಯುವುದಿಲ್ಲ ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಚಪ್ಪಾಳೆ ಅಲ್ಲಲ್ಲೇ ನಿಂತಿತು. ರಾಮಯ್ಯನವರು ಮಗಳನ್ನು ನೋಡಿದರು, ಹಲಗೆಯ ಮೇಲಿನ ನೀರನ್ನು ನೋಡಿದರು, ಮೆಲ್ಲಗೆ ಕೆಳಗೆ ಕೂತುಬಿಟ್ಟರು.

ನಾನು ಬಿಡದಿ ಮನೆಗೆ ಓಡಿದೆ. ಪ್ಲಗ್ ಕಿತ್ತು, ತಿರುಗಿಸಿ ಹಾಕಿ, ಹೊಸ ಬಲ್ಬಿನಲ್ಲಿ ತಗಡು ನೋಡಿದೆ. ತಣ್ಣಗಿತ್ತು. ಹೊರಗೆ ಬಂದು, "ಪ್ಲಗ್ ಪಾಯಿಂಟೇ ತಿರುಗುಮುರುಗು ಐತೆ!" ಎಂದು ಕೂಗಿದೆ. ಬಾಷಾನೂ ಗುರುತೇ ಇಲ್ಲದ ತನ್ನ ಪ್ಲಗ್ ತಿರುಗಿಸಿದ. ಅಪಾಯ ಹೋಯಿತು. ಆದರೆ ಎರಡೂ ವೈರ್ ಡಬ್ಬಿಗೆ ಸೇರಿಸಿದರೆ ಹಾರ್ನುಗಳಲ್ಲಿ ಭುಂ ಎಂಬ ಗುಂಯ್‌ಗುಡುವಿಕೆ. ಎರಡು ಮನೆಯ ಲೈನು ಒಂದಕ್ಕೊಂದು ಸಮವಿಲ್ಲ. ಎರಡರ ಲೋಹ ಎಲ್ಲೂ ಮುಟ್ಟದ ಹಾಗೆ ಹಾಡು ಮಾತ್ರ ದಾಟಬೇಕು. ಅದಕ್ಕೆ ಎರಡು ಸುರುಳಿಯ ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕು. ಎಲ್ಲಿಂದ ತರುವುದು?

ನನ್ನ ಕಣ್ಣು ರಾಮಯ್ಯನವರ ಹೆಗಲಿಗೆ ಹೋಯಿತು.

"ಮಾವ, ನಿಮ್ಮ ರೇಡಿಯೋ ಒಳಗೆ ಬೆಲ್ಲದ ಚೂರಿನಷ್ಟು ಒಂದು ಸಾಮಾನೈತೆ..."

"ಕೀಳ್ಬೇಕಾ?"

"ಕೀಳ್ಬೇಕು."

ಅವರು ಚರ್ಮದ ಚೀಲದ ಗುಂಡಿಯನ್ನು ಒಂದೊಂದಾಗಿ ಬಿಚ್ಚಿ, ರೇಡಿಯೋವನ್ನು ಎರಡೂ ಕೈಯಲ್ಲಿ ಕೊಟ್ಟರು. ಮರುದಿನ ಹೆಣ್ಣು ಒಪ್ಪಿಸುವಾಗಲೂ ಅವರ ಮುಖ ಅಷ್ಟು ಸಣ್ಣಗಾಗಲಿಲ್ಲ. ಬೆಸುಗೆ ಕಡ್ಡಿಯನ್ನು ಅಡುಗೆಯವರ ಒಲೆಯ ಕೆಂಡದಲ್ಲಿ ಕಾಯಿಸಿ, ಆ ಚೂರನ್ನು ಕಿತ್ತು, ಬಾಷಾನ ಸೆಟ್ಟಿಗೆ ಹೋಗುವ ವೈರಿನ ನಡುವೆ ಕೂರಿಸಿದೆ. ಬಾಷಾ ತನ್ನ ಟವೆಲ್ಲಿನಲ್ಲಿ ನನ್ನ ಬೆವರು ಒರೆಸುತ್ತಿದ್ದ. ಗುಂಯ್ ನಿಂತಿತು. ಹಲಗೆಯ ಮೇಲೆ ಒಣ ಗೋಣಿಚೀಲ ಹಾಸಿದರು. ಇನ್ನೊಂದು ಸಲ ಬಲ್ಬು ಹಿಡಿದು ನೋಡಿದೆ, ಆಮೇಲೆ ನನ್ನ ಬರಿಗೈಯಲ್ಲಿ ಆರು ತಂತಿಯನ್ನೂ ಒಂದೊಂದಾಗಿ ಸವರಿದೆ. ಆಗಲೇ ವೆಂಕಟೇಶನಿಗೆ ಬಿಟ್ಟುಕೊಟ್ಟದ್ದು.

ಅವನು ನುಡಿಸಿದ. ಹಿತ್ತಾಳೆ ತಟ್ಟೆಯ ದನಿ ಬೀದಿಯ ಎರಡೂ ತುದಿಯಿಂದ ಎದ್ದು ನಡುವೆ ಬಂದು ಕೂಡಿತು. ರಾಮಯ್ಯನವರು ಈ ತುದಿಯಿಂದ ಆ ತುದಿಗೆ ಮೂರು ಸಲ ನಡೆದು ಕಿವಿಗೊಟ್ಟು ಬಂದು, ಗಂಭೀರವಾಗಿ, "ನಮ್ಮ ಕಡೆ ಒಂದು ಗುಂಜಿ ಜಾಸ್ತಿ," ಎಂದರು. ಮರುದಿನ ಮುಹೂರ್ತ ಸುಸೂತ್ರವಾಗಿ ನಡೆಯಿತು.

ಅಂದಿನಿಂದ ಆ ಮನೆಯಲ್ಲಿ ನಾನು ಮದುಮಗನ ಪ್ರಾಣ ಉಳಿಸಿದವನು. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಮೊದಲ ಸಾಲಿನಲ್ಲಿ ಮೊದಲ ಎಲೆ ನನ್ನದು. ಮೊನ್ನೆಯೂ ವೆಂಕಟೇಶ ಮೊಮ್ಮಕ್ಕಳನ್ನು ಕೂರಿಸಿಕೊಂಡು ಅದನ್ನೇ ಹೇಳಿದ, ಸರೋಜಮ್ಮ ಬಿಟ್ಟುಹೋದದ್ದನ್ನು ಸೇರಿಸಿದರು, ನಾನು ಮೀಸೆ ತಿರುವುತ್ತಾ ಹೋಳಿಗೆ ತಿಂದೆ.

ನಂಜುಂಡಯ್ಯ ಮೇಷ್ಟರ ಮಾತು ಮಾತ್ರ ಅವರು ಕಥೆಯಲ್ಲಿ ಬೇಗ ದಾಟಿಬಿಡುತ್ತಾರೆ. ಆ ಸಂಜೆ ಬೀಗರೆಲ್ಲ ಅವರನ್ನು ಸುತ್ತುವರಿದು, "ಇದೇನ್ಮೇಷ್ಟ್ರೇ, ಮನೆ ಕೊಟ್ರೋ ಯಮನ ಬಾಗಿಲು ಕೊಟ್ರೋ?" ಎಂದಿದ್ದರು. ಮೇಷ್ಟರು ಪುಸ್ತಕ ಹಿಡಿದುಕೊಂಡು ಬಂದು, "ಬಲಕ್ಕೇ ಹಾಕಿದ್ದೆನಲ್ಲಪ್ಪಾ, ಮೂರು ಸಲ ನೋಡಿದ್ದೆನಲ್ಲಾ," ಎನ್ನುತ್ತಾ, ವೆಂಕಟೇಶನ ಮುಂದೆ ಕೈ ಜೋಡಿಸಿದರು. ಒಂದು ವಾರದೊಳಗೆ ಲೈನ್‌ಮ್ಯಾನ್ ಕರೆಸಿ ವೈರಿಂಗನ್ನೆಲ್ಲ ಕಿತ್ತುಹಾಕಿಸಿದರಂತೆ. ಆಮೇಲೆ ಬದುಕಿರುವ ತನಕ ತಮ್ಮ ಮನೆಯ ಸ್ವಿಚ್ಚನ್ನು ತಾವು ಮುಟ್ಟಲಿಲ್ಲ. ದೀಪ ಹಾಕಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದರು.

ಇಷ್ಟರಲ್ಲಿ ನಾನು ಹುಟ್ಟಿಸಿದ್ದು ಒಂದೇ ಒಂದು. ಪೌಡರ್ ಡಬ್ಬಿ ನಿಜ, ಸಿಡಿದ ಬಲ್ಬು ನಿಜ, ಚಪ್ಪಾಳೆ ನಿಜ, ಸರೋಜಮ್ಮ ಎದ್ದು ನಿಂತದ್ದು ನಿಜ. ಕೆಂಪು ಮೇಲೆ ಇಟ್ಟು ಪ್ಲಗ್ ಹಾಕಿದೆ ಎಂದೆನಲ್ಲ, ಅದು ಸುಳ್ಳು. ಕೆಂಪು ಕೆಳಗಿತ್ತು. ಗೆಳೆಯನಿಗೆ ಮದುವೆಯ ದಿನ ಒಂದು ಚುರುಕ್, ಚಪ್ಪರಕ್ಕೆ ಒಂದು ನಗು, ಆಮೇಲೆ ಹೋಗಿ ತಿರುಗಿಸಿ ಹಾಕಿದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಮಳೆ ಬಂತು.

ಮೇಷ್ಟರ ವೈರಿಂಗ್ ಸರಿಯಾಗಿತ್ತು.